ಟಿ.ಟಿ. ಬಂದರೆ ಕೊಟ್ಟರಾಯಿತು

"ಸುಮ್ನೆ ನಿಂತ್ಕೊಳ್ಳಿ ಸಾರ್, ಈ ಗಾಡೀಲಿ ಟಿ.ಟಿ. ಬರಲ್ಲ."

ಜನರಲ್ ಬೋಗಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹುಡುಗ ನನಗೆ ಕೊಟ್ಟ ಅಭಯ ಇದು. ಮೈಸೂರು ಮಾರ್ಗದ ಸಣ್ಣ ನಿಲ್ದಾಣ, ಒಂದೇ ಕೌಂಟರ್, ನನ್ನ ಮುಂದೆ ಹತ್ತು ಹನ್ನೆರಡು ಜನ. ಗಾಡಿ ಕೂಗಿತು, ಸಾಲು ಬಿಟ್ಟು ಓಡಿ ಹತ್ತಿದ್ದೆ. ಹುಡುಗನ ಮಾತೇ ನಿಜವಾಯಿತು. ಬೆಂಗಳೂರು ಮುಟ್ಟುವವರೆಗೆ ಯಾರೂ ಕೇಳಲಿಲ್ಲ, ಗೇಟಿನಲ್ಲೂ ಯಾರಿರಲಿಲ್ಲ. ಕೌಂಟರಿಗೆ ಹೋಗಿ ಹಣ ಕಟ್ಟುತ್ತೇನೆಂದರೆ ಒಳಗಿದ್ದವರು ನನ್ನನ್ನೇ ಒಂದು ಗಳಿಗೆ ನೋಡಿ, "ಬಂದಾಯ್ತಲ್ಲ, ಮನೆಗ್ ಹೋಗಿ" ಎಂದರು. ಕೊನೆಗೆ ಹತ್ತಿದ ಊರಿಗೇ ಒಂದು ಟಿಕೆಟ್ ತೆಗೆದು, ಅಲ್ಲೇ ಹರಿದು ಹಾಕಿದೆ. ಇದನ್ನು ದೊಡ್ಡಸ್ತಿಕೆಯೆಂದು ಹೇಳುತ್ತಿಲ್ಲ. ಟಿಕೆಟ್ಟಿನ ದುಡ್ಡು ಕೊಟ್ಟೆ, ದಂಡ ತಪ್ಪಿಸಿಕೊಂಡೆ.

ಟಿಕೆಟ್ಟಿಲ್ಲದವರ ವಿಷಯದಲ್ಲಿ 1989ರ ರೈಲ್ವೆ ಕಾಯ್ದೆ ನಾವು ಅಂದುಕೊಂಡಷ್ಟು ಕಟುವಾಗಿಲ್ಲ. ಮೋಸದ ಉದ್ದೇಶದಿಂದ ಹತ್ತಿದವನಿಗೆ 137ನೇ ಸೆಕ್ಷನ್: ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ. ಉಳಿದವರಿಗೆ 138: ಟಿಕೆಟ್ ದರ, ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. ನನಗೆ ಹಿಡಿಸಿದ್ದು 55ನೇ ಸೆಕ್ಷನ್. ಟಿಕೆಟ್ ಇಲ್ಲದಿದ್ದರೂ ಅಧಿಕಾರವುಳ್ಳ ರೈಲ್ವೆ ನೌಕರನ ಒಪ್ಪಿಗೆ ಪಡೆದು ಹತ್ತಬಹುದು. ದರವನ್ನು ಆಮೇಲೆ ಕಟ್ಟುತ್ತಾನೆಂಬ ಷರತ್ತಿನ ಮೇಲೆ ಆತ ಪ್ರಯಾಣಿಕನಿಗೊಂದು ಪತ್ರ ಕೊಡುತ್ತಾನೆ. ಆ ಪತ್ರ ಕೈಯಲ್ಲಿದ್ದರೆ ದಂಡವೇ ಇಲ್ಲ. ತಾನಾಗಿ ಬಂದು ಹೇಳಿದವನನ್ನೂ ಸಿಕ್ಕಿಬಿದ್ದವನನ್ನೂ ಕಾನೂನು ಬೇರೆ ಮಾಡಿಯೇ ನೋಡುತ್ತದೆ.

ಆದರೆ ಇಷ್ಟು ವರ್ಷಗಳ ಓಡಾಟದಲ್ಲಿ ಅಂಥ ಪತ್ರ ಹಿಡಿದವರನ್ನು ನಾನು ಒಮ್ಮೆಯೂ ನೋಡಿಲ್ಲ. ಒಪ್ಪಿಗೆ ಕೊಡಬಲ್ಲ ಗಾರ್ಡ್‌ಗೆ 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂಬ ಹೊಸ ಹೆಸರು ಬಂತು, ಸರಿ. ಆತ ನಿಂತಿರುವುದು ಗಾಡಿಯ ಕಟ್ಟಕಡೆಯಲ್ಲಿ, ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಓಡಿ ಬಂದವನು ಬೋಗಿ ಹತ್ತಬೇಕೋ, ಒಪ್ಪಿಗೆ ಕೇಳಲು ಹಿಂದಕ್ಕೆ ಓಡಬೇಕೋ? ಹತ್ತಿದ ಮೇಲೆ ಟಿ.ಟಿ.ಯನ್ನು ತಾನೇ ಹುಡುಕಿ ಹೋದವನೂ, ಶೌಚಾಲಯದಲ್ಲಿ ಅಡಗಿ ಸಿಕ್ಕಿದವನೂ ತೆರುವುದು ಸಾಮಾನ್ಯವಾಗಿ ಒಂದೇ ಲೆಕ್ಕ. ಆ ಲೆಕ್ಕವೂ ವಿಚಿತ್ರ. 10 ರೂಪಾಯಿಯ ದಾರಿಗೆ 260 ಕೊಡಬೇಕು, 500ರ ದಾರಿಗೆ 1000. ದೂರದವನಿಗೆ ದುಪ್ಪಟ್ಟು, ಪಕ್ಕದೂರಿಗೆ ಸೊಪ್ಪು ಮಾರಲು ಹೊರಟವಳಿಗೆ ಇಪ್ಪತ್ತಾರು ಪಟ್ಟು! ಎಲ್ಲಿ ಹತ್ತಿದಿರೆಂದು ತೋರಿಸಲಾಗದಿದ್ದರೆ ಗಾಡಿ ಹೊರಟ ಊರಿನಿಂದಲೇ ದರ ಹಾಕಬಹುದು.

ಫೋನಿನಲ್ಲಿ ತೆಗೆಯೋಣವೆಂದರೆ, ಹಳಿಯ ಹತ್ತಿರ ನಿಂತವರಿಗೆ ರೈಲ್ವೆಯ ಆಪ್ ಕಾಗದರಹಿತ ಟಿಕೆಟ್ ಕೊಡುವುದಿಲ್ಲ. ಕೊಟ್ಟರೆ ಟಿ.ಟಿ.ಯ ಕರಿ ಕೋಟು ಕಂಡಮೇಲೆ ತೆಗೆಯುವವರೇ ಹೆಚ್ಚಾಗುತ್ತಾರೆಂಬ ಅನುಮಾನ. ಆ ಅನುಮಾನ ಸುಳ್ಳೆಂದು ವಾದಿಸುವ ಧೈರ್ಯ ನನಗಿಲ್ಲ.

ಏಕೆಂದರೆ "ಟಿ.ಟಿ. ಬಂದರೆ ಕೊಟ್ಟರಾಯಿತು" ಎನ್ನುವುದು ನಮ್ಮಲ್ಲಿ ಕಳ್ಳರ ಮಾತಲ್ಲ, ಮರ್ಯಾದಸ್ಥರ ಮಾತು. ಕೊಡಲು ಸಿದ್ಧ ಎಂಬ ಸಮಾಧಾನವೂ ಅದರಲ್ಲಿದೆ, ಕೇಳದಿದ್ದರೆ ಉಳಿಯಿತು ಎಂಬ ಲೆಕ್ಕವೂ ಇದೆ. ಸಾಲು ಉದ್ದವಿತ್ತೆಂದು ಹತ್ತಿದ್ದನ್ನು ನಾನು ತಪ್ಪೆನ್ನಲಾರೆ. ಇಳಿದ ಮೇಲೂ ಸುಮ್ಮನೆ ಗೇಟು ದಾಟುವುದು ತಪ್ಪು. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತದೆಂದು ರೈಲ್ವೆ ಟಿಕೆಟ್ಟಿನ ಮೇಲೆ ಅಚ್ಚು ಹಾಕುತ್ತಿತ್ತು. ದುಡ್ಡು ಕೊಟ್ಟವನಿಗೇ ಆ ಉಪದೇಶ. ಕೊಡದವನ ಕೈಯಲ್ಲಿ ಓದಲು ಟಿಕೆಟ್ಟೇ ಇಲ್ಲ. ನಮ್ಮ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನ್‌ನಿಂದ ರಾಜ್ಯದ ಹೆಂಗಸರು ದುಡ್ಡು ಕೊಡಬೇಕಿಲ್ಲ, ಆದರೂ ಶೂನ್ಯ ಟಿಕೆಟ್ ಹರಿಸಿಕೊಳ್ಳಲೇಬೇಕು. ಅಲ್ಲಿ ಕಂಡಕ್ಟರ್ ಸೀಟಿನ ಬಳಿಗೇ ಬರುತ್ತಾನೆ. ರೈಲಿನಲ್ಲಿ ನಾವೇ ಹುಡುಕಿಕೊಂಡು ಹೋಗಬೇಕು.

55ನೇ ಸೆಕ್ಷನ್ನಿನ ಆ ಪತ್ರವನ್ನು ರೈಲ್ವೆಯವರು ಸಣ್ಣ ನಿಲ್ದಾಣಗಳ ಪ್ಲಾಟ್‌ಫಾರಂನಲ್ಲೇ ಕೊಡುವ ವ್ಯವಸ್ಥೆ ಮಾಡಲಿ. ಅಲ್ಲಿಯವರೆಗೆ, ಟಿಕೆಟ್ಟಿಲ್ಲದೆ ಹತ್ತಿದವರು ದಯವಿಟ್ಟು ಟಿ.ಟಿ.ಯನ್ನು ನೀವೇ ಹುಡುಕಿ. "ಅರ್ಧ ಕೊಡಿ, ರಸೀದಿ ಬೇಡ" ಎಂದರೆ ಪೂರ್ತಿ ಕೊಟ್ಟು ರಸೀದಿ ಕೇಳಿ ಪಡೆಯಿರಿ.