ಸೂರಿನ ಲೆಕ್ಕ

ಈ ಸಲ ವಿಮರ್ಶೆಗೆ ಎತ್ತಿಕೊಂಡಿರೋದು ಪುಸ್ತಕನೂ ಅಲ್ಲ, ಸಿನಿಮಾನೂ ಅಲ್ಲ. ಒಂದು ಎ3 ಹಾಳೆ. ಕುಳಗಿಯ ನಮ್ಮ ಮನೆಗೆ ಒಂದು ಕೋಣೆ, ಅದಕ್ಕೊಂದು ಅಟ್ಯಾಚ್ಡ್ ಬಾತ್‌ರೂಮ್ ಸೇರಿಸುವ ನಕ್ಷೆ.

ಕುಳಗಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ, ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇರುವ ಊರು. ವೀಕೆಂಡಿಗೆ ಬರ್ತೀರಿ, ಮಳೆ ಸದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗ್ತೀರಿ. ಅದೇ ಮಳೆಯಲ್ಲಿ ನಮ್ಮವ್ವ ರಾತ್ರಿ ಎರಡಕ್ಕೆ ಎದ್ದು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೊಡೆ ಹಿಡಿದು, ಹಿತ್ತಲಿನ ಸಂಡಾಸಿಗೆ 14 ಅಡಿ ನಡೀತಾಳೆ. ಮೊದಲೇ ಮೊಣಕಾಲು ನೋವು. ಹೋದ ಜುಲೈಯಲ್ಲಿ ಪಾಚಿ ಮೇಲೆ ಜಾರಿ ಬಿದ್ದಳು. ನಕ್ಷೆ ಹುಟ್ಟಿದ್ದು ಆಮೇಲೆ.

ಮೊದಲು ಅದರ ಗುಣ ಹೇಳಿಬಿಡ್ತೀನಿ. ಹಾಸಿಗೆಯಿಂದ ಕಮೋಡಿನವರೆಗೆ ಒಂದೂ ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ. ಬಾಗಿಲು 3 ಅಡಿ ಅಗಲ. ಒಬ್ಬರು ಇನ್ನೊಬ್ಬರ ಕೈ ಹಿಡಿದು ಒಳಗೆ ಹೋಗಬಹುದು. ಬರೆದವರು ವಯಸ್ಸಾದವರನ್ನ ನೆನೆದೇ ಬರೆದಿದ್ದಾರೆ.

ಆದ್ರೆ ಆ ಹಾಳೆಯಲ್ಲಿ ಚಾವಣಿ ಇಲ್ಲ.

ಇದು ಬೆಂಗಳೂರಿನ 30×40 ಸೈಟಿನ ಅಭ್ಯಾಸ. ಆರ್‌ಸಿಸಿ ಮನೆಯಲ್ಲಿ ಗೋಡೆ ಎಲ್ಲಿ ಎಬ್ಬಿಸಿದರೂ ಮೇಲೊಂದು ಸ್ಲ್ಯಾಬ್ ಹಾಕಬಹುದು. ಹಂಚಿನ ಮನೆ ಹಾಗಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಾಗ ಇದ್ದ ನಿಯಮವೇ ಈಗಲೂ: ಇಳಿಜಾರು ಕಡಿಮೆಯಾದರೆ ನೀರು ಹಂಚಿನಡಿ ನುಗ್ಗುತ್ತೆ. ನಮ್ಮ ಮಾಡಿನ ಇಳಿಜಾರು ಸುಮಾರು 30 ಡಿಗ್ರಿ. ಅಂದ್ರೆ ಹೊರಗೆ ಒಂದಡಿ ಚಾಚಿದರೆ ಕೆಳಗೆ 7 ಇಂಚು ಇಳಿಯಬೇಕು. ಒಳಗಿನ ನೆಲದಿಂದ ಸೂರಂಚಿಗೆ ಇರೋದು ಏಳೂವರೆ ಅಡಿ. ಅದೇ ಮಾಡನ್ನ 10 ಅಡಿ ಕೋಣೆಯ ಮೇಲೆ ಮುಂದುವರಿಸಿದರೆ ಕೊನೆಗೆ ಉಳಿಯೋದು ಎರಡಡಿಗೂ ಕಡಿಮೆ. ಬೆಕ್ಕು ಮಲಗಬಹುದು.

ಸರಿ, ಸ್ಲ್ಯಾಬ್ ಹಾಕೋಣ ಅಂದ್ರೆ ಅದು ಸೂರಿಗಿಂತ ಮೇಲೆ ಬರುತ್ತೆ. ಇಡೀ ಪಡುವಣ ಮಾಡಿನ ನೀರು ಹೊಸ ಗೋಡೆಗೆ ಬಂದು ಬಡಿಯುತ್ತೆ. ನಡುವೆ ತಗಡಿನ ಕಾಲುವೆ ಇಡಬೇಕು. ಸುತ್ತ ಸಾಗವಾನಿ, ಮತ್ತಿ ಮರ. ಎರಡು ಎಲೆ ಸಿಕ್ಕಿಕೊಂಡರೆ ಸಾಕು, ಕಾಲುವೆ ತುಂಬಿ ನೀರು ಅಡುಗೆಮನೆಗೆ. ಅಡುಗೆಮನೆಗೆ ಇರುವ ಒಂದೇ ಕಿಟಕಿಯೂ ಅದೇ ಗೋಡೆಯಲ್ಲಿದೆ. ಅದು ಮುಚ್ಚಿದರೆ ಒಲೆಯ ಹೊಗೆ ಎಲ್ಲಿ ಹೋಗಬೇಕು?

ಇನ್ನೊಂದು ದೊಡ್ಡ ತಪ್ಪು ನೆಲದಡಿ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರಾದರೂ ದೂರ ಇರಬೇಕು ಅನ್ನುತ್ತೆ ಭಾರತೀಯ ಮಾನಕ. ನಕ್ಷೆಯ ಗುಂಡಿಗೂ ನಮ್ಮ ಬಾವಿಗೂ ನಾನು ಟೇಪು ಹಿಡಿದಾಗ ಬಂದದ್ದು 9.

ಬೈಯೋದು ಸುಲಭ. ಆದ್ರೆ ರಿಕ್ವೈರ್‌ಮೆಂಟ್ ಕೊಟ್ಟವನು ನಾನು. ಫೋನಲ್ಲಿ ಹೇಳಿದ್ದು "ಹತ್ತು-ಹನ್ನೆರಡರ ರೂಮು, ಅಟ್ಯಾಚ್ಡ್" ಅಂತ. ಅವ್ವ ಬಿದ್ದದ್ದು ಹೇಳಿರಲಿಲ್ಲ, ಬಾವಿ ಎಲ್ಲಿದೆ ಅಂತಲೂ ಹೇಳಿರಲಿಲ್ಲ. ಅಡಚಣೆಗಳನ್ನ ಬಿಟ್ಟು ಬರೀ ಆಸೆ ಕಳಿಸಿದ್ದೆ. ತಿರುವನಂತಪುರದ ನಾಲಂಚಿರದಲ್ಲಿ ಲಾರಿ ಬೇಕರ್ ಕಟ್ಟಿಕೊಂಡ 'ಹ್ಯಾಮ್ಲೆಟ್' ಮನೆ ಬಂಡೆಗಲ್ಲಿನ ಇಳಿಜಾರಿನಲ್ಲಿ ಒಂದೊಂದೇ ಕೋಣೆ ಕೂಡಿಸುತ್ತಾ ಬೆಳೆದದ್ದು. ಅಲ್ಲಿ ಬಂಡೆಯೇ ಅರ್ಧ ನಕ್ಷೆ. ನಮ್ಮಲ್ಲಿ ಆ ಬಂಡೆ ಅಂದ್ರೆ ಸೂರು, ಬಾವಿ, ಕಿಟಕಿ.

ಹಾಳೆ ಹರಡಿ ಅವ್ವಗೆ ಎಲ್ಲ ವಿವರಿಸಿದೆ. ಕೇಳಿ ಅಂದಳು: "ನಾ ಎಲ್ಲಿ ಖೋಲಿ ಕೇಳೇನಿ? ಸಂಡಾಸದ ತನಕ ಒಂದ್ ಸೂರು ಹಾಕಿಸಿ ಕೊಡು, ಸಾಕು."

ಅದನ್ನೇ ಮಾಡಿದ್ವಿ. ಹಿಂಬಾಗಿಲಿಂದ ಸಂಡಾಸಿಗೆ 4 ಅಡಿ ಅಗಲದ ದಾರಿ, ಅದಕ್ಕೆ ಎರಡು ಕಡೆ ಇಳಿಯುವ ಪುಟ್ಟ ಹಂಚಿನ ಮಾಡು. ಅದರ ನೆತ್ತಿ ದೊಡ್ಡ ಸೂರಿನ ಕೆಳಗೆ ನುಸುಳುತ್ತೆ. ಮೇಲಿನ ನೀರು ಇದರ ಮೇಲೆ ಬಿದ್ದು ಆಚೀಚೆ ಹರಿದುಹೋಗುತ್ತೆ. ಕಾಲುವೆ ಬೇಡ. ಕಿಟಕಿ ಉಳಿತು, ಹಳೆ ಗುಂಡಿನೇ ಸಾಕಾಯ್ತು. ಹೊಸ್ತಿಲಿಲ್ಲದ ಬಾಗಿಲು, ಕಮೋಡು ಎರಡನ್ನೂ ಆ ನಕ್ಷೆಯಿಂದಲೇ ತಗೊಂಡೆ.

ನಮ್ಮ ಕೆಲಸದಲ್ಲೂ ಕುಂದಿದೆ. ಮನೆಯ ನೆಲ ಹಿತ್ತಲಿಗಿಂತ ಒಂದೂವರೆ ಅಡಿ ಎತ್ತರ. ಅಡಿಗೆ ಒಂದಿಂಚಿನಂತೆ ಇಳಿಸಲು 18 ಅಡಿ ಬೇಕಿತ್ತು, ಇದ್ದದ್ದು 14. ದಾರಿ ತುಸು ಕಡಿದು. ಅದಕ್ಕೇ ಉದ್ದಕ್ಕೂ ಕೈಹಿಡಿ ಹಾಕಿಸಿದ್ದು. ಪಡುವಣ ಗಾಳಿಗೆ ಎರಚಲು ಹೊಡೆಯುತ್ತೆ ಅಂತ ಗೌಂಡಿ ಮೊದಲೇ ಹೇಳಿದ್ದ. ಮಳೆಗಾಲಕ್ಕೆ ತಟ್ಟಿ ಕಟ್ಟಬೇಕು. ನನ್ನ ಕೋಣೆ ಇನ್ನೂ ಆಗಿಲ್ಲ. ಊರಿಗೆ ಹೋದಾಗ ಪಡಸಾಲೆಯಲ್ಲೇ ಕೂತು ಕಾಲ್ ಅಟೆಂಡ್ ಮಾಡ್ತೀನಿ, ಹಿಂದೆ ಅವ್ವನ ಸೀರಿಯಲ್ಲು ಕೇಳಿಸುತ್ತೆ.

ಊರ ಮನೆಗೆ ಏನಾದರೂ ಸೇರಿಸೋ ಯೋಚನೆ ನಿಮಗೂ ಇದ್ದರೆ, ಗೋಡೆ ಎಳೆಯೋಕೆ ಮುಂಚೆ ಹಾಳೆ ಮೇಲೆ ಎರಡು ಗೆರೆ ಎಳೀರಿ. ಒಂದು, ಮಾಡಿನ ನೀರು ಹರಿಯುವ ದಾರಿ. ಇನ್ನೊಂದು, ಮನೆಯಲ್ಲಿರುವವರು ರಾತ್ರಿ ಎರಡಕ್ಕೆ ನಡೆಯುವ ದಾರಿ. ಕೋಣೆ ಎಲ್ಲಿ ಬರಬೇಕು, ಬೇಕೋ ಬೇಡವೋ ಅನ್ನೋದು ಆಮೇಲೆ.