ಜೋರಾಳನ್ನು ಮಣ್ಣು ಮಾಡಿದವರು

1960ರಲ್ಲಿ ಜೋರಾ ನೀಲ್ ಹರ್ಸ್ಟನ್ ಫ್ಲಾರಿಡಾದ ಬಡವರ ಆಶ್ರಯಧಾಮವೊಂದರಲ್ಲಿ ಸತ್ತಳು. ಜನ ಕಾಸು ಕೂಡಿಸಿ ಮಣ್ಣು ಮಾಡಿದರು. ಗೋರಿಗೆ ಕಲ್ಲಿರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ಕಳೆ ಬೆಳೆದ ಸ್ಮಶಾನದಲ್ಲಿ ಹುಡುಕಾಡಿ, ಅಂದಾಜಿನ ಮೇಲೆ ಒಂದು ಕಲ್ಲು ನೆಡಿಸಿದಳು.

ಈ ಕತೆ ಹೇಳಿ ಕಣ್ಣೊರೆಸಿಕೊಳ್ಳೋದು ಸುಲಭ. ಆದರೆ ಬದುಕಿದ್ದಾಗಲೇ ಆಕೆಯನ್ನು ಮಣ್ಣು ಮಾಡಿದವರಲ್ಲಿ ಹೋರಾಟದ ಕಡೆಯವರೂ ಇದ್ದರಲ್ಲ? 'ದೇರ್ ಐಸ್ ವರ್ ವಾಚಿಂಗ್ ಗಾಡ್' 1937ರಲ್ಲಿ ಬಂದಾಗ, ಅದರಲ್ಲಿ ವಸ್ತುವೂ ಇಲ್ಲ, ಸಂದೇಶವೂ ಇಲ್ಲ ಅಂತ ತೀರ್ಪು ಕೊಟ್ಟವನು ಕರಿಯ ಲೇಖಕ ರಿಚರ್ಡ್ ರೈಟ್. ಕರಿಯರ ಆಡುಮಾತು ಬಿಳಿಯರನ್ನು ನಗಿಸೋ ಸರಕಾಗುತ್ತೆ ಅನ್ನೋ ಅವನ ಸಿಟ್ಟು ಸುಳ್ಳಲ್ಲ. ಮಿಸಿಸಿಪ್ಪಿಯಲ್ಲಿ ಹುಟ್ಟಿದವನ ಸಿಟ್ಟು ಅದು. ಆದರೆ ಜೇನಿ, ಊರ ಗಂಡಸರೆದುರು, ಅಂಗಡಿಯೊಳಗೆ, ಮೇಯರ್ ಗಂಡನ ಬಾಯಿ ಮುಚ್ಚಿಸೋದು ಇದೇ ಆಡುಮಾತಿನಲ್ಲಿ. ರೈಟ್‌ಗೆ ಅದು ಕೇಳಿಸಲೇ ಇಲ್ಲ.