ಬೀಗ ಹಾಕಿದ ಕೋಣೆಯ ಭಯ: ‘ಆಪ್ತಮಿತ್ರ’ದ ರಸವಿಚಾರ

ಭಯಾನಕ ರಸಕ್ಕೆ ಭಯವೇ ಸ್ಥಾಯಿಭಾವ (ನೆಲೆನಿಂತ ಮೂಲಭಾವ) ಎಂದು ಹೇಳುವ ನಾಟ್ಯಶಾಸ್ತ್ರವು ಅದನ್ನು ಹುಟ್ಟಿಸುವ ಕಾರಣಗಳನ್ನು, ಅಂದರೆ ವಿಭಾವಗಳನ್ನು ಎಣಿಸುವಾಗ, ವಿಕಾರವಾದ ದನಿ ಮತ್ತು ಭೂತದರ್ಶನಗಳ ಜೊತೆಗೆ ಬರಿದಾದ ಮನೆಯನ್ನೂ ಕಾಡನ್ನೂ ಹೆಸರಿಸುತ್ತದೆ. ಆನಂತರದ ಆಲಂಕಾರಿಕರು ವಿಭಾವವನ್ನು ಎರಡಾಗಿ ವಿಂಗಡಿಸಿ, ಭಾವವು ಯಾರನ್ನು ಅಥವಾ ಯಾವುದನ್ನು ಆಶ್ರಯಿಸಿ ಹುಟ್ಟುವುದೋ ಅದನ್ನು ಆಲಂಬನವೆಂದೂ, ಹುಟ್ಟಿದ ಭಾವವನ್ನು ಕೆರಳಿಸುವ ಸ್ಥಳ, ಹೊತ್ತು, ಸದ್ದುಗಳನ್ನು ಉದ್ದೀಪನವೆಂದೂ ಕರೆದರು. ದೆವ್ವದ ಮನೆಯ ಸಿನಿಮಾಗಳಲ್ಲಿ ಹೆಚ್ಚಿನವು ಉದ್ದೀಪನದ ಬಲದಿಂದಲೇ ನಿಲ್ಲುವಂಥವು. ಕಿರುಗುಟ್ಟುವ ಬಾಗಿಲು, ಆರುವ ದೀಪ, ಕತ್ತಲಲ್ಲಿ ಕೇಳಿಸುವ ಗೆಜ್ಜೆಯ ಸದ್ದು ಮುಗಿದೊಡನೆ ಅವುಗಳ ಬಂಡವಾಳವೂ ಮುಗಿಯುತ್ತದೆ. ಪಿ. ವಾಸು ನಿರ್ದೇಶಿಸಿ ದ್ವಾರಕೀಶ್ ನಿರ್ಮಿಸಿದ, 2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ ಈ ಸಾಲಿಗೆ ಸೇರದಿರುವುದಕ್ಕೆ ಕಾರಣವೆಂದರೆ, ಅದು ಉದ್ದೀಪನವನ್ನು ಧಾರಾಳವಾಗಿ ಬಳಸುತ್ತಲೇ ಆಲಂಬನವನ್ನು ಬಹುಹೊತ್ತು ಮುಚ್ಚಿಟ್ಟು, ಅದು ಬಯಲಾಗುವ ಗಳಿಗೆಯಲ್ಲಿ ಭಯವನ್ನು ಕರುಣೆಯತ್ತ ತಿರುಗಿಸುತ್ತದೆ.

ಚಿತ್ರದ ಕಥೆ ಅದರ ಸ್ವಂತದ್ದಲ್ಲ. ಮಧು ಮುಟ್ಟಂ ಬರೆದು ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳ ಚಿತ್ರ ‘ಮಣಿಚಿತ್ರತಾಳ್’ ಇದರ ಮೂಲ. ಆ ಚಿತ್ರದ ಅಭಿನಯಕ್ಕಾಗಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು, ಅದರ ಕಥೆಯಲ್ಲಿ ಬರುವ ನರ್ತಕಿಯೊಬ್ಬಳ ಪ್ರಿಯಕರನ ಪಾತ್ರ ಮಾಡಿದವರು ಕನ್ನಡದ ನಟ, ಭರತನಾಟ್ಯ ಕಲಾವಿದ ಶ್ರೀಧರ್. ಕನ್ನಡದ ರೂಪದಲ್ಲಿ ರಮೇಶ್ ಅರವಿಂದ್ ಮತ್ತು ಸೌಂದರ್ಯ ಅಭಿನಯಿಸಿದ ದಂಪತಿ ಹಳೆಯ ಅರಮನೆಯೊಂದಕ್ಕೆ ವಾಸಕ್ಕೆ ಬರುತ್ತಾರೆ. ಅರಸನೊಬ್ಬ ಆಂಧ್ರದ ನರ್ತಕಿ ನಾಗವಲ್ಲಿಯನ್ನು ಬಯಸಿ ತಂದು, ಆಕೆಯ ಪ್ರಿಯಕರನನ್ನೂ ಆಕೆಯನ್ನೂ ಕೊಂದನೆಂಬ ಕಥೆ ಆ ಮನೆಗೆ ಅಂಟಿಕೊಂಡಿದ್ದು, ಒಂದು ಕೋಣೆಗೆ ಮಾತ್ರ ಬೀಗ ಬಿದ್ದಿರುತ್ತದೆ. ಹೆಂಡತಿ ಗಂಗಾ ಕುತೂಹಲ ತಡೆಯಲಾರದೆ ಆ ಬೀಗ ತೆಗೆಸುತ್ತಾಳೆ. ಆಮೇಲೆ ನಡೆಯುವ ಅನಾಹುತಗಳ ಜಾಡು ಹಿಡಿಯಲು ಗಂಡನ ಗೆಳೆಯ, ಮನೋವೈದ್ಯ ವಿಜಯ್ ಬರುತ್ತಾನೆ. ವಿಷ್ಣುವರ್ಧನ್ ನಿರ್ವಹಿಸಿದ ಪಾತ್ರ ಇದು.

ಪತ್ತೇದಾರಿ ಕಥೆಯೊಂದರ ನ್ಯಾಯವೆಂದರೆ, ಉತ್ತರ ತಿಳಿದ ಮೇಲೆ ಹಿಂತಿರುಗಿ ನೋಡಿದ ಪ್ರೇಕ್ಷಕನಿಗೆ ಸುಳಿವುಗಳೆಲ್ಲ ಕಣ್ಣೆದುರಿಗೇ ಇದ್ದುವೆಂದು ಅನ್ನಿಸಬೇಕು. ‘ಆಪ್ತಮಿತ್ರ’ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ, ಏಕೆಂದರೆ ನಾಗವಲ್ಲಿಯ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಆಸೆಯಿಂದ ಕೇಳಿಸಿಕೊಂಡವಳು, ಆಕೆಯ ಚಿತ್ರಪಟದ ಮುಂದೆ ಮೈಮರೆತವಳು ಗಂಗಾಳೇ. ಆದರೆ ಅನುಮಾನವನ್ನು ಬೇರೆ ಕಡೆಗೆ ಸೆಳೆಯಲು ಪ್ರೇಮಾ ಅಭಿನಯಿಸಿದ ಸೌಮ್ಯ ಎಂಬ ಹುಡುಗಿಯನ್ನು ಬಳಸಿಕೊಂಡಿರುವ ರೀತಿ ಒಪ್ಪತಕ್ಕದ್ದಲ್ಲ. ಆ ಹುಡುಗಿಗೆ ಶಂಕೆಗೆ ಗುರಿಯಾಗುವುದರ ಹೊರತು ತನ್ನದೇ ಆದ ಬಾಳು ಇಲ್ಲವೆಂಬಂತೆ ಚಿತ್ರಕಥೆ ನಡೆದುಕೊಂಡಿದ್ದು, ಆಕೆ ನಿರಪರಾಧಿಯೆಂದು ತಿಳಿದ ಮೇಲೂ ಆಕೆ ಅನುಭವಿಸಿದ ಅವಮಾನದ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ.

ಚಿತ್ರದ ಜೀವ ಇರುವುದು ಎರಡು ಸನ್ನಿವೇಶಗಳಲ್ಲಿ. ಮೊದಲನೆಯದರಲ್ಲಿ ಹೊರಗೆ ಹೋಗಬೇಡವೆಂದು ಗಂಡ ತಡೆದಾಗ, ಸೌಂದರ್ಯ ಏಕಾಏಕಿ ಅಬ್ಬರಿಸದೆ, ಮೊದಲು ಬೇಸರ, ಆಮೇಲೆ ಹಟ, ಕೊನೆಗೆ ಗಂಡನನ್ನೇ ಗುರುತಿಸದ ಕ್ರೌರ್ಯ ಎಂಬ ಹಂತಗಳನ್ನು ಮುಖದಲ್ಲಿ ಒಂದೊಂದಾಗಿ ಏರಿಸಿಕೊಂಡು ಹೋಗುತ್ತಾರೆ. ಮಾತು ಕನ್ನಡದಿಂದ ತೆಲುಗಿಗೆ ಹೊರಳುವಷ್ಟರಲ್ಲಿ ಎದುರಿಗಿರುವವಳು ಗಂಗಾ ಅಲ್ಲ. ಮುಳಬಾಗಿಲು ಸೀಮೆಯಲ್ಲಿ ಹುಟ್ಟಿ ತೆಲುಗು ತೆರೆಯಲ್ಲಿ ಮೆರೆದ ನಟಿಗೆ ಈ ಹೊರಳು ಎಷ್ಟು ಸಹಜವಾಗಿ ಒದಗಿದೆಯೆಂದರೆ, ಎರಡೂ ನುಡಿಗಳು ಒಂದೇ ಗಂಟಲಿನಲ್ಲಿ ವಾಸಿಸುವ ಕೋಲಾರದ ಗಡಿನಾಡಿನವರಿಗೆ ಅದು ಇನ್ನೂ ಹತ್ತಿರದ ಭಯವಾಗಿ ತಟ್ಟಿದ್ದರೆ ಆಶ್ಚರ್ಯವಿಲ್ಲ. ಎರಡನೆಯದು ಗುರುಕಿರಣ್ ಸಂಗೀತದ ‘ರಾ ರಾ’ ನೃತ್ಯ. ಅಲ್ಲಿ ಗಂಗಾ ಕಾಣುವ ಆಸ್ಥಾನವೂ ಉಳಿದವರು ಕಾಣುವ ಕೆದರಿದ ಕೂದಲಿನ, ಕಾಡಿಗೆ ಹರಡಿದ ಮುಖವೂ ಒಂದರ ಮೇಲೊಂದು ಬರುತ್ತಿದ್ದು, ಆಕೆಯ ಸಂಭ್ರಮ ಮತ್ತು ನೋಡುವವರ ಸಂಕಟ ಒಂದೇ ತಾಳದಲ್ಲಿ ಸಾಗುತ್ತವೆ. ಮನೆಯ ಕತ್ತಲು ಇಲ್ಲಿ ಹಿಂದೆ ಸರಿಯುತ್ತದೆ. ದಿಗಿಲಿಗೆ ಆಶ್ರಯವಾಗಿದ್ದವಳೇ ಮರುಕಕ್ಕೂ ಆಶ್ರಯವಾಗುತ್ತಾಳೆ. 2004ರ ಏಪ್ರಿಲ್‌ನಲ್ಲಿ, ಚಿತ್ರ ತೆರೆಗೆ ಬರುವ ಮೊದಲೇ, ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡದ್ದರಿಂದ ಅಂದಿನ ಪ್ರೇಕ್ಷಕರು ಈ ನೃತ್ಯವನ್ನು ಶೋಕದ ನಡುವೆಯೇ ನೋಡಿದರು. ಆ ಶೋಕವನ್ನು ಬದಿಗಿಟ್ಟು ಅಳೆದರೂ, ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿನ ಸಂಯಮದ ನಟನೆಯ ಪಕ್ಕದಲ್ಲಿ ಇದನ್ನಿಟ್ಟರೆ, ಆಕೆಯ ಪ್ರತಿಭೆಯ ಹರವು ಎಷ್ಟಿತ್ತೆಂಬುದು ತಿಳಿಯುತ್ತದೆ.

ಗಂಗಾಳ ಸ್ಥಿತಿಗೆ ಚಿತ್ರ ಕೊಡುವ ವಿವರಣೆ ವ್ಯಕ್ತಿತ್ವದ ಒಡಕು, ಎಂದರೆ ಒಬ್ಬರ ಮನಸ್ಸಿನಲ್ಲೇ ಇನ್ನೊಂದು ವ್ಯಕ್ತಿತ್ವ ಬೇರೂರಿ, ಮೊದಲನೆಯದಕ್ಕೆ ಅರಿವಿಲ್ಲದಂತೆ ವರ್ತಿಸುವುದು. ಈ ವಿವರಣೆ ಘಟನೆಗಳಿಂದ ತಾನಾಗಿ ಮೂಡುವುದಕ್ಕಿಂತ ಹೆಚ್ಚಾಗಿ ವೈದ್ಯನ ದೀರ್ಘ ಮಾತಿನ ಮೂಲಕ ಬರುತ್ತದೆ. ವಿಷ್ಣುವರ್ಧನ್ ಅವರ ಗಾಂಭೀರ್ಯ ಆ ಮಾತಿಗೆ ತೂಕ ತಂದರೂ, ನಾಯಕನೆಂದ ಮೇಲೆ ಎಲ್ಲವನ್ನೂ ಬಲ್ಲವನೇ ಆಗಿರಬೇಕೆಂಬ ಜನಪ್ರಿಯ ಚಿತ್ರದ ಕಟ್ಟುಪಾಡು ವೈದ್ಯನಿಂದ ಸಂದೇಹಪಡುವ ಹಕ್ಕನ್ನು ಕಸಿದುಕೊಂಡಿದೆ. ಇದಕ್ಕಿಂತ ಸೂಕ್ಷ್ಮವಾದುದು ಅವಿನಾಶ್ ಅಭಿನಯಿಸಿದ ಆಚಾರ್ಯರ ಪಾತ್ರ. ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತವೂ ನಿಜ, ಅದನ್ನು ಬಿಡಿಸುವ ದೈವಭಕ್ತಿಯೂ ನಿಜ. ಆದರೆ ‘ಆಪ್ತಮಿತ್ರ’ದ ಆಚಾರ್ಯರು ವೈದ್ಯನ ಎದುರಾಳಿಯಾಗದೆ ಅವನೊಡನೆ ಕೈಜೋಡಿಸಿ, ಮಂಡಲ ಬರೆದು, ಅರಸನ ಬದಲು ಗೊಂಬೆಯನ್ನಿಟ್ಟು, ನಾಗವಲ್ಲಿಯ ಸೇಡು ತೀರಿತೆಂದು ಆಕೆಯನ್ನು ನಂಬಿಸುವ ನಾಟಕಕ್ಕೆ ನೆರವಾಗುತ್ತಾರೆ. ನಂಬಿಕೆಯನ್ನು ಹೀಗೆ ಹೀಯಾಳಿಸದೆ ಚಿಕಿತ್ಸೆಯ ಸಾಧನವನ್ನಾಗಿ ಬಳಸಿಕೊಂಡದ್ದು ಚಿತ್ರದ ದೊಡ್ಡ ವಿವೇಕ.

ಈ ವಿವೇಕ 2010ರಲ್ಲಿ ಅದೇ ನಿರ್ದೇಶಕರು ಮಾಡಿದ ‘ಆಪ್ತರಕ್ಷಕ’ದಲ್ಲಿ ಉಳಿಯಲಿಲ್ಲ. ವಿಷ್ಣುವರ್ಧನ್ ನಿಧನದ ಬಳಿಕ ತೆರೆಕಂಡ ಆ ಚಿತ್ರದಲ್ಲಿ ನಾಗವಲ್ಲಿಯ ಚಿತ್ರಪಟವೇ ಮನೆಯಿಂದ ಮನೆಗೆ ಕೇಡನ್ನು ಹೊತ್ತು ತರುತ್ತದೆ, ಶತಮಾನ ದಾಟಿದ ಅರಸನೂ ಬದುಕಿರುತ್ತಾನೆ. ಹೀಗೆ ಆಲಂಬನ ಹೊರಗಿನ ವಸ್ತುವಾದೊಡನೆ ಭಯಕ್ಕೆ ಅಬ್ಬರ ಹೆಚ್ಚಿತಾದರೂ, ನಾಗವಲ್ಲಿಯನ್ನು ಹೊತ್ತ ಹೆಣ್ಣಿನ ನೋವಿಗೆ ಮೊದಲ ಚಿತ್ರದಲ್ಲಿ ದೊರೆತಿದ್ದ ಸ್ಥಾನ ಇಲ್ಲಿ ಅರಸನ ಆರ್ಭಟದ ಪಾಲಾಯಿತು.